ಉಸ್ತಾ ಯದೊಲ್ಲಾ ಬೇಡ ಎಂದದ್ದು

ವಿನಯದಲ್ಲಿ ಗಾರೆಮೇಸ್ತ್ರಿ ಉಸ್ತಾ ಯದೊಲ್ಲಾನನ್ನು ಮೀರಿಸುವವರು ಇಸ್ಫಹಾನ್ ಸೀಮೆಯ ಖೊರ್‌ದಶ್ತ್ ಊರಿನಲ್ಲಿ ಇರಲಿಲ್ಲ. ಇಲ್ಲ ಎಂಬುದನ್ನು ಅವನೇ ದಿನಕ್ಕೆ ಎರಡು ಸಲವಾದರೂ ಊರಿಗೆ ನೆನಪಿಸುತ್ತಿದ್ದ. “ನಾನೇನು ಮಹಾ, ಒಬ್ಬ ಗಚ್ಚು ಮೆತ್ತೋನು” ಎಂದು ಅವನು ಶುರುಮಾಡಿದರೆ, ಎದುರಿಗಿದ್ದವರು “ಛೆ ಛೆ, ಎಂಥಾ ಮಾತು ಉಸ್ತಾ! ನೀವಿಲ್ಲದಿದ್ರೆ ನಮ್ಮ ಮಸೀದಿ ಎಂದೋ ಮಣ್ಣಾಗಿ ಹೋಗ್ತಿತ್ತು” ಎನ್ನಲೇಬೇಕು. ಅನ್ನದೆ ಸುಮ್ಮನೆ ತಲೆಯಾಡಿಸಿದವರ ಮನೆ ಗೋಡೆಗೆ ಗಾರೆ ಬೇಕಾದಾಗ ಯದೊಲ್ಲಾನಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ವಯಸ್ಸು ಅರವತ್ತೆರಡು. ಮೋಟು ಆಳು, ಅಗಲವಾದ ಅಂಗೈ, ಹುಬ್ಬಿನ ಮೇಲೆ ಸದಾ ಒಂದು ಚೂರು ಬಿಳಿ ಗಚ್ಚು. ಮದುವೆಯಾದ ಹೊಸತರಲ್ಲಿ ಹೆಂಡತಿ ತೂಬಾ ಖಾನುಮ್ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ಈಗ ಒರೆಸುವುದಿಲ್ಲ. ಹುಬ್ಬೇ ಬೆಳ್ಳಗಾಗಿರುವಾಗ ಯಾವುದನ್ನಂತ ಒರೆಸುವುದು?

ನಮ್ಮ ಜುಮ್ಮಾ ಮಸೀದಿ ಒಂಬೈನೂರು ವರ್ಷ ಹಳೆಯದು. ಯದೊಲ್ಲಾ ಅದರ ಬಗ್ಗೆ ಮಾತಾಡುವುದನ್ನು ಕೇಳಿದರೆ ಕಟ್ಟಿದವರೆಲ್ಲ ಹಿಂದಿನ ಬೀದಿಯಲ್ಲೇ ಇದ್ದಾರೆ, ಸಂಜೆ ಹೊತ್ತಿಗೆ ಚಹಾಕ್ಕೆ ಸಿಗುತ್ತಾರೆ ಅನ್ನಿಸುತ್ತಿತ್ತು. ದಕ್ಷಿಣದ ದೊಡ್ಡ ಗುಮ್ಮಟ ಕಟ್ಟಿದವನು ಸಲ್ಜೂಕ್ ದೊರೆಗಳ ಕಾಲದವನು. ಅವನ ಬಗ್ಗೆ ಯದೊಲ್ಲಾನಿಗೆ ಬಹಳ ಗೌರವ. “ಮಾತು ಕಮ್ಮಿ, ಕೈ ಗಟ್ಟಿ. ಒಂದೇ ಒಂದು ಇಟ್ಟಿಗೆ ಶೋಕಿಗೆ ಇಟ್ಟಿಲ್ಲ ಪುಣ್ಯಾತ್ಮ. ಇಟ್ಟಿಗೇನ ಅಡ್ಡ ಇಟ್ಟು, ಉದ್ದ ಇಟ್ಟು, ಅದರಲ್ಲೇ ಚಿತ್ತಾರ ತೆಗೆದಿದ್ದಾನೆ.” ಇನ್ನೂರು ವರ್ಷ ಬಿಟ್ಟು ಬಂದು, ನಮಾಜಿನ ದಿಕ್ಕು ತೋರುವ ಮಿಹ್ರಾಬಿನ ಗೂಡಿಗೆ ಗಚ್ಚಿನ ಬಳ್ಳಿ ಕೆತ್ತಿದವನ ಮೇಲೆ ಅಷ್ಟು ಒಲವಿಲ್ಲ. “ಕೈಯೇನೋ ಚೆನ್ನಾಗಿದೆ, ಆದರೆ ಸುಮ್ಮನೆ ಕೂತು ಗೊತ್ತಿಲ್ಲ ಆಸಾಮಿಗೆ. ಬೆರಳಗಲ ಜಾಗ ಖಾಲಿ ಕಂಡರೆ ಒಂದು ಎಲೆ, ಎಲೆ ಮೇಲೆ ಒಂದು ಹೂವು, ಹೂವಿನೊಳಗೆ ಇನ್ನೊಂದೆಲೆ!” ಎಲ್ಲರಿಗಿಂತ ಕೊನೆಗೆ ಬಂದು ಹೆಬ್ಬಾಗಿಲಿಗೆ ನೀಲಿ ಹಂಚು ಹಾಕಿಸಿದವನಂತೂ ಬರೀ ಜಂಬಗಾರ. “ಬೀಗರಿಗೆ ತೋರಿಸೋಕೆ ಹಾಕಿಸಿದ ಹಾಗಿದೆ. ಮುಂದುಗಡೆ ಆಕಾಶ, ಹಿಂದುಗಡೆ ಬಂದು ನೋಡಿ, ಬರೀ ಕೆಸರು.”

ಆ ಕೆಸರು ಯದೊಲ್ಲಾನದೇ. ಮೂವತ್ತೆಂಟು ವರ್ಷದಿಂದ ಪ್ರತಿ ಬೇಸಿಗೆ ಮುಗಿಯುವಾಗ ಮಣ್ಣಿಗೆ ಗೋಧಿಹುಲ್ಲು ಬೆರೆಸಿ, ವಾರಗಟ್ಟಲೆ ಕೊಳೆಹಾಕಿ, ಬರಿಗಾಲಲ್ಲಿ ತುಳಿದು, ಮಸೀದಿಯ ಮಾಳಿಗೆಗೆಲ್ಲ ಮೆತ್ತುವವನು ಅವನು. ಕೆಳಗಿನ ಅಂಗಳದಲ್ಲಿ ನಿಂತವರಿಗೆ ನಾಲ್ಕು ದಿಕ್ಕಿಗೆ ನಾಲ್ಕು ಎತ್ತರದ ಕಮಾನು ಮೊಗಸಾಲೆಗಳು ಕಾಣುತ್ತವೆ. ಯದೊಲ್ಲಾನಿಗೆ ಗೊತ್ತಿರುವುದು ಅವುಗಳ ಬೆನ್ನು. ಎಲ್ಲಿ ನೀರು ನಿಲ್ಲುತ್ತದೆ, ಯಾವ ಉಬ್ಬಿನ ಮೇಲೆ ಕಾಲಿಟ್ಟರೆ ಕೆಳಗೆ ನಮಾಜಿಗೆ ಕೂತವರ ತಲೆಗೆ ಧೂಳು ಬೀಳುತ್ತದೆ, ಯಾವ ಮುದುಕ ಎಲ್ಲಿ ಕೂರುತ್ತಾನೆ, ಎಲ್ಲ ಗೊತ್ತು. ಒಂದೆರಡು ಸಲ ಬೇಕೆಂದೇ ಅಲ್ಲಿ ಕಾಲಿಟ್ಟಿದ್ದಾನೆ ಎಂಬ ಗುಮಾನಿಯೂ ಇದೆ.

ಇಷ್ಟೆಲ್ಲ ಇದ್ದರೂ ಒಂದು ಕೊರಗು. ದೊಡ್ಡ ಗುಮ್ಮಟದ ಒಳಮೈಗೆ ಅವನ ಕೈ ತಾಗಿರಲಿಲ್ಲ. ಗುಮ್ಮಟದ ಕೋಣೆ ಚೌಕ, ಗುಮ್ಮಟ ದುಂಡು. ಚೌಕದ ತಲೆಗೆ ದುಂಡು ಟೋಪಿ ಕೂರಬೇಕಾದರೆ ನಾಲ್ಕು ಮೂಲೆಗೆ ನಾಲ್ಕು ಮೂಲೆಗಮಾನು ಎಬ್ಬಿಸಿ, ನಾಲ್ಕನ್ನು ಎಂಟು ಮಾಡಿ, ಎಂಟನ್ನು ಹದಿನಾರು ಮಾಡಿ, ಆಮೇಲೆ ಮೆಲ್ಲಗೆ ಅದನ್ನು ಮರುಳುಮಾಡಿ ದುಂಡಗಾಗಿಸಬೇಕು. ಆ ಮೂಲೆಗಮಾನುಗಳೇ ಈ ಕಸುಬಿನ ನೆತ್ತಿ. ಅಜ್ಜ ಒಂದು ಭೂಕಂಪದ ನಂತರ ಒಂದನ್ನು ಸರಿಪಡಿಸಿದ್ದನಂತೆ. ಅಪ್ಪ ಕಾದು ಕಾದು ಸತ್ತ. ಗುಮ್ಮಟ ಬಿರಿಯಲಿ ಎಂದು ಹಾರೈಸುವಷ್ಟು ಕೆಟ್ಟವನಲ್ಲ ಯದೊಲ್ಲಾ. ಆದರೆ ನೆಲ ಸ್ವಲ್ಪ ಅದುರಿದಾಗಲೆಲ್ಲ ಊರಿನವರು ಅಂಗಳಕ್ಕೆ ಓಡಿದರೆ ಅವನು ಮಾತ್ರ ಗುಮ್ಮಟದ ಕಡೆ ಓಡುತ್ತಿದ್ದ.

ಆ ವರ್ಷ ವಸಂತದಲ್ಲಿ ನೆಲ ಅದುರಿತು. ಊರಿಗೆ ಹೆಚ್ಚೇನೂ ಆಗಲಿಲ್ಲ. ಮಿಠಾಯಿ ಅಂಗಡಿಯ ಹಾಜಿ ಸೈಫೊಲ್ಲಾನ ಮೂರು ಗಾಜಿನ ಭರಣಿ ಒಡೆದವು, ಒಂದು ಕತ್ತೆ ಮುನಿಸಿಕೊಂಡು ಎರಡು ದಿನ ಮೇವು ಬಿಟ್ಟಿತು. ಮಸೀದಿಯಲ್ಲಿ ವಾಯವ್ಯದ ಮೂಲೆಗಮಾನು ಮಾತ್ರ ಅರ್ಧ ಬಾಯಿ ಬಿಟ್ಟು ಇಟ್ಟಿಗೆ ಉದುರಿಸಿತು. ಗುಮ್ಮಟದ ಕೋಣೆಗೆ ಹಗ್ಗ ಕಟ್ಟಿದರು. ಶುಕ್ರವಾರದ ನಮಾಜು ನೆಲದಡಿಯ ಚಳಿಗಾಲದ ಹಜಾರಕ್ಕೆ ಇಳಿಯಿತು. ಅಲ್ಲಿ ಚಾವಣಿಗೆ ಕೂರಿಸಿದ ಹಾಲುಗಲ್ಲಿನ ಚಪ್ಪಡಿಗಳಿಂದ ಸೋಸಿ ಬರುವ ಬೆಳಕು, ತಂಪು. ಉಪದೇಶ ಉದ್ದವಾದರೆ ಅರ್ಧ ಊರು ಗೊರಕೆ ಹೊಡೆಯುವಷ್ಟು ಸುಖ.

ಪ್ರಾಚ್ಯವಸ್ತು ಇಲಾಖೆಯಿಂದ ಇಂಜಿನಿಯರ್ ಬಂದಳು. ಹೆಸರು ಪರಸ್ತೂ. ಹುಟ್ಟಿದ್ದು ಇಸ್ಫಹಾನಿನಲ್ಲೇ, ಆದರೆ ನಾಲ್ಕು ವರ್ಷದ ಮಗುವಾಗಿದ್ದಾಗ ಅಪ್ಪ ಅಮ್ಮ ಆಸ್ಟ್ರಿಯಾಕ್ಕೆ ಕರೆದೊಯ್ದಿದ್ದರು. ಓದು ಮುಗಿಸಿ ಹಳೆಯ ಕಟ್ಟಡಗಳ ಹುಚ್ಚಿನಿಂದ ವಾಪಸು ಬಂದಿದ್ದಳು. ಅವಳ ಫಾರ್ಸಿ ಮಾತು ಪುಸ್ತಕದಂತೆ ನೆಟ್ಟಗಿತ್ತು. ಒಂದು ವಾಕ್ಯಕ್ಕೆ ಒಂದೇ ಅರ್ಥ. ನಮ್ಮೂರಿನವರಿಗೆ ಅದು ಕೇಳಿ ಅಭ್ಯಾಸವಿರಲಿಲ್ಲ.

ಸಭೆ ಸೇರಿದ್ದು ಹಾಜಿ ಸೈಫೊಲ್ಲಾನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಾಜಿ ಮಸೀದಿ ಸಮಿತಿಯ ಮುಖ್ಯಸ್ಥ. ಅಲ್ಲಾಹನ ಮನೆಯ ಜವಾಬ್ದಾರಿ ತನ್ನ ಮೇಲೆ ಇರುವುದರಿಂದ ಅಲ್ಲಾಹನಿಗೆ ಎಷ್ಟು ನಿರಾಳ ಎಂಬುದನ್ನು ಅವನು ಮುಖದಲ್ಲೇ ತೋರಿಸುತ್ತಿದ್ದ. ಚಹಾ ಬಂತು, ಪಿಸ್ತಾ ಮಿಠಾಯಿ ಬಂತು. ಕೇಸರಿ ಕಲ್ಲುಸಕ್ಕರೆ ಬಂತು. ಹವಾಮಾನ, ಎಲ್ಲರ ತಂದೆತಾಯಿಗಳ ಆರೋಗ್ಯ, ತೀರಿಕೊಂಡವರ ಸದ್ಗತಿ ಎಲ್ಲ ಮುಗಿಯುವ ಮೊದಲೇ ಇಂಜಿನಿಯರಮ್ಮ ಪುಸ್ತಕ ಬಿಚ್ಚಿದಳು.

“ಉಸ್ತಾ ಯದೊಲ್ಲಾ, ಈ ಮೂಲೆಗಮಾನಿನ ಕೆಲಸ ಮಾಡೋರ ಪಟ್ಟೀಲಿ ನಿಮ್ಮ ಹೆಸರು ಮೊದಲಿದೆ. ನೀವು ಮಾಡ್ತೀರಾ?”

ಯದೊಲ್ಲಾ ಕಾದಿದ್ದೇ ಈ ಮಾತಿಗೆ. ಮೂವತ್ತೆಂಟು ವರ್ಷ! ಆದರೆ ನಮ್ಮಲ್ಲಿ ಏನಾದರೂ ಕೊಡಬಂದಾಗ ಮೊದಲ ಸಲ ಬೇಡವೆನ್ನುವುದು ಮರ್ಯಾದೆ. ಎರಡನೆಯ ಸಲ ಬೇಡವೆನ್ನುವುದು ಒಳ್ಳೆಯ ಮನೆತನದ ಗುರುತು. ಮೂರನೆಯ ಸಲ “ನಿಮ್ಮ ಮಾತು ಮೀರೋದುಂಟೇ” ಎಂದು ಕೈಚಾಚುವುದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ತೊಟ್ಟಿಲಲ್ಲೇ ಬಂದಿರುತ್ತದೆ. ಯದೊಲ್ಲಾ ವಾರದಿಂದ ಮೂರನ್ನೂ ಸಿದ್ಧಮಾಡಿಕೊಂಡಿದ್ದ. ಮೊದಲನೆಯದು ಬಲವಾಗಿ, ಎರಡನೆಯದು ಸ್ವಲ್ಪ ಸಡಿಲವಾಗಿ, ಮೂರನೆಯದು ಕಣ್ಣಲ್ಲಿ ಒಂದಿಷ್ಟು ನೀರಿನೊಂದಿಗೆ.

“ಅಯ್ಯೋ, ನಾನ್ಯಾರು ತಾಯಿ ಅಂಥಾ ಕೆಲಸಕ್ಕೆ!” ಎಂದ ಎದೆಯ ಮೇಲೆ ಕೈಯಿಟ್ಟು. “ನಾನು ಆ ಉಸ್ತಾದರ ಕಾಲ ಧೂಳು. ನನಗಿಂತ ಬಲ್ಲವರು ದೇಶದ ತುಂಬ ಇದ್ದಾರೆ. ಈ ಮುದಿ ಕೈಗೆ ಅದು ಬೇಡವೇ ಬೇಡ.”

“ಸರಿ, ಅರ್ಥವಾಯಿತು,” ಎಂದಳು ಪರಸ್ತೂ. ಬರೆದುಕೊಂಡಳು. “ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ. ಮುಂದಿನ ವಿಷಯ, ಮಳೆನೀರಿನ ದೋಣಿ.”

ಯದೊಲ್ಲಾ ಎದೆಯ ಮೇಲಿಟ್ಟ ಕೈಯನ್ನು ತೆಗೆಯುವುದನ್ನೇ ಮರೆತ. ಎರಡನೆಯ ಬೇಡ, ಮೂರನೆಯ ಒಪ್ಪಿಗೆ ಎರಡೂ ಗಂಟಲಲ್ಲೇ ಸಾಲಾಗಿ ನಿಂತಿದ್ದವು. ಹಾಜಿ ಸೈಫೊಲ್ಲಾನ ಬಾಯಲ್ಲಿದ್ದ ಕಲ್ಲುಸಕ್ಕರೆ ಕಟಕ್ಕೆಂದಿತು. “ಇಂಜಿನಿಯರಮ್ಮಾ… ಉಸ್ತಾ ಹೇಳಿದ್ದು ಅಂದ್ರೆ…” ಎಂದು ಶುರುಮಾಡಿದ. “ಕೇಳಿಸಿತು ಹಾಜಿ ಸಾಹೇಬರೇ, ಬಲವಂತ ಮಾಡಬಾರದು,” ಎಂದಳವಳು ದಯೆಯಿಂದ. ಮಳೆನೀರಿನ ದೋಣಿ ಮುಗಿಯುವಷ್ಟರಲ್ಲಿ ಪಟ್ಟಿಯ ಎರಡನೆಯ ಹೆಸರಾದ ಕಾಶಾನಿನ ಉಸ್ತಾ ನೊಸ್ರತ್‌ಗೆ ಫೋನೂ ಹೋಗಿತ್ತು.

ಮನೆಯಲ್ಲಿ ತೂಬಾ ಖಾನುಮ್ ಸೊಪ್ಪು ಹೆಚ್ಚುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

“ಬಂದ್ರಾ ಕಾಲ ಧೂಳು? ಕಾಲೊರೆಸ್ಕೊಂಡು ಒಳಗೆ ಬನ್ನಿ.”

“ತೂಬಾ, ಸುಮ್ನಿರು.”

“ಒಂದು ಹೌದು ಅನ್ನೋಕೆ ನಿಮ್ಮ ನಾಲಗೆಗೆ ಏನು ಲಕ್ವ ಹೊಡೆದಿತ್ತೇ?”

“ಮರ್ಯಾದಸ್ಥ ಯಾವನಾದ್ರೂ ಕೇಳಿದ ತಕ್ಷಣ ಹೌದು ಅಂತಾನೇನೇ? ನಾನೇನು ಬಸ್ಸಿಗೆ ಕೈ ಅಡ್ಡ ಹಾಕ್ತಿದ್ನಾ?”

“ನನ್ನ ನೋಡೋಕೆ ಬಂದಾಗಲೂ ಹೀಗೇ ಮಾಡಿದ್ರಿ. ನಮ್ಮಪ್ಪ ಮಗಳನ್ನ ಒಪ್ಪಿದೀರಾ ಅಂದ್ರೆ, ನಾನ್ಯಾರು, ನಾನು ಯೋಗ್ಯನಲ್ಲ ಅಂತ ಎರಡು ಸಲ ಅಂದ್ರಿ. ಮೂರನೇ ಸಲ ಕೇಳೋ ಹೊತ್ತಿಗೆ ಅಪ್ಪನಿಗೆ ಕೆಮ್ಮು ಬಂತು. ಅದು ನಿಲ್ಲೋ ತನಕ ಪರದೆ ಹಿಂದೆ ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಅನ್ಸುತ್ತೆ, ಆ ಇಂಜಿನಿಯರಮ್ಮನೇ ನಮ್ಮಪ್ಪ ಆಗಿದ್ದಿದ್ರೆ ನಾನು ಪಾರಾಗ್ತಿದ್ದೆ.”

ಯದೊಲ್ಲಾ ಗೋಡೆಗೊರಗಿ ಕೂತ. ತೂಬಾ ಚಾಕು ಕೆಳಗಿಟ್ಟು ಅವನ ಮುಖ ನೋಡಿದಳು. “ಹೋಗಿ ಹೇಳಿ,” ಎಂದಳು ಮೆತ್ತಗೆ. “ನನಗೆ ಬೇಕು ಅಂತ ಹೇಳಿ, ಅಷ್ಟೇ.”

“ಬೇಕು ಅಂತ ಹೇಗೆ ಹೇಳೋದು?” ಎಂದ ಯದೊಲ್ಲಾ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜಕ್ಕೂ ಅವನಿಗೆ ಗೊತ್ತಿರಲಿಲ್ಲ.

ಊರಿಗೆ ಊರೇ ಸರಿಪಡಿಸಲು ಹೊರಟಿತು. ಹಾಜಿ ಸೈಫೊಲ್ಲಾ ಮಿಠಾಯಿ ಡಬ್ಬಿ ಹಿಡಿದು ಇಂಜಿನಿಯರಮ್ಮ ಇಳಿದಿದ್ದ ಅತಿಥಿಗೃಹಕ್ಕೆ ಹೋದ. ಒಂದು ಗಂಟೆ ಮಾತಾಡಿದ. ಉಸ್ತಾ ಯದೊಲ್ಲಾ ಎಂಥ ಅಪರೂಪದ ಮನುಷ್ಯ, ಇಂಜಿನಿಯರಮ್ಮ ಏನು ತೀರ್ಮಾನ ಮಾಡಿದರೂ ಅದು ಅವನ ಕಣ್ಣಮೇಲೆ, ತಲೆಮೇಲೆ ಎಂದೆಲ್ಲ ಹೇಳಿದ. ಅದರ ಅರ್ಥ “ದಯವಿಟ್ಟು ತೀರ್ಮಾನ ಬದಲಾಯಿಸಿ” ಎಂದು ಯಾವ ಮಗುವಿಗೂ ತಿಳಿಯುತ್ತಿತ್ತು. ಪರಸ್ತೂ ಸಂತೋಷಪಟ್ಟಳು. “ಅವರಿಗೆ ಬೇಜಾರಿಲ್ಲ ಅಂತ ತಿಳಿದು ನನಗೂ ಸಮಾಧಾನವಾಯಿತು,” ಎಂದಳು. ಮಿಠಾಯಿ ಡಬ್ಬಿ ಮುಂದೆ ಮಾಡಿದಾಗ ಮೊದಲ ಸಲಕ್ಕೇ ತೆಗೆದುಕೊಂಡು, ಅವನೆದುರೇ ಎರಡು ತಿಂದಳು. ಹಾಜಿ ತಲೆಸುತ್ತಿ ಮನೆಗೆ ಬಂದ.

ಶನಿವಾರ ಬೆಳಿಗ್ಗೆ ಕಾಶಾನಿನಿಂದ ಉಸ್ತಾ ನೊಸ್ರತ್ ಬಂದ. ತೆಳ್ಳಗೆ ಉದ್ದ, ಇಸ್ತ್ರಿ ಮಾಡಿದ ಅಂಗಿ, ಚರ್ಮದ ಚೀಲದಲ್ಲಿ ಹೊಳೆಯುವ ಕರಣೆಗಳು. ಹೊರಊರಿನ ಉಸ್ತಾ ಕೆಲಸಕ್ಕೆ ಬಂದರೆ ಊರಿನ ಉಸ್ತಾನ ಮನೆಯಲ್ಲೇ ಉಳಿಯಬೇಕು. ಇದು ಕಸುಬಿನವರ ಕಟ್ಟಳೆ. ಹೀಗಾಗಿ ತನ್ನ ಕನಸನ್ನು ಹೊತ್ತುಕೊಂಡು ಹೋಗಲು ಬಂದವನಿಗೆ ಯದೊಲ್ಲಾನೇ ಹಾಸಿಗೆ ಹಾಸಿದ. ಕುರಿಮಾಂಸದ ಸಾರು ಮಾಡಿ, ರೊಟ್ಟಿ ಮುರಿದು ಹಾಕಿ, ತೂಬಾ ಖಾನುಮ್ ಮೂರು ಸಲ ಬಡಿಸಿದಳು. ಅವಳಿಗೆ ಅತಿಥಿಯ ಮೇಲೆ ಸಿಟ್ಟಿರಲಿಲ್ಲ. ಗಂಡನ ತಟ್ಟೆಗೆ ಮಾತ್ರ ಬರೀ ಮೂಳೆ ಬಿತ್ತು.

“ನಿಮ್ಮ ಊರಿನಲ್ಲಿ ನಾನು ಕರಣೆ ಎತ್ತೋದಾ? ನಾಚಿಕೆಯಿಂದ ಸಾಯ್ತಿದೀನಿ ಉಸ್ತಾ,” ಎಂದ ನೊಸ್ರತ್.

“ನೀವು ಎತ್ತದೆ ಇನ್ಯಾರು ಎತ್ತಬೇಕು! ನಮ್ಮ ಗುಮ್ಮಟ ಪುಣ್ಯ ಮಾಡಿತ್ತು.”

“ನಿಮ್ಮ ನೆರಳಲ್ಲಿ ನಿಂತು ಏನೋ ಎರಡು ಇಟ್ಟಿಗೆ ಇಡ್ತೀನಿ.”

“ನನಗೆಲ್ಲಿಯ ನೆರಳು, ನಾನೇ ಮೋಟು.”

ಈ ಊಟದ ನಡುವೆ ಯದೊಲ್ಲಾನಿಗೆ ಒಂದು ವಿಷಯ ಹೇಳಲೇಬೇಕಾಗಿತ್ತು. ನಮ್ಮ ಗುಡ್ಡದ ಕಲ್ಲನ್ನು ಸುಟ್ಟು ತೆಗೆದ ಗಚ್ಚು ಬಲು ಅವಸರದ್ದು. ನೀರಿಗೆ ಬಿದ್ದರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಕಲ್ಲು. ಕಾಶಾನಿನವರ ಗಚ್ಚಿಗೆ ಅದರ ಮೂರು ಪಟ್ಟು ತಾಳ್ಮೆ ಇದೆ. ಅಲ್ಲಿಯ ಅಳತೆಯಲ್ಲಿ ಇಲ್ಲಿ ದೊಡ್ಡ ಬಾಣಲೆ ಕಲಸಿದರೆ ಅರ್ಧ ಬಾಣಲೆ ಕೈಯಲ್ಲೇ ಸಾಯುತ್ತದೆ. ಸತ್ತ ಗಚ್ಚಿಗೆ ಮತ್ತೆ ನೀರು ಹೊಯ್ದರೆ ಮೆತ್ತಗೇನೋ ಆಗುತ್ತದೆ, ಇಟ್ಟಿಗೆಯನ್ನು ಮಾತ್ರ ಹಿಡಿಯುವುದಿಲ್ಲ. ಆದರೆ ಅತಿಥಿಗೆ, ಅದರಲ್ಲೂ ಒಬ್ಬ ಉಸ್ತಾನಿಗೆ, ನಿಮಗೆ ಗೊತ್ತಿಲ್ಲ ಎಂದು ಹೇಳುವುದು ಹೇಗೆ? ಯದೊಲ್ಲಾ ಬಹಳ ಯೋಚಿಸಿ ಹೇಳಿದ:

“ನಮ್ಮೂರ ಗಚ್ಚು ಸ್ವಲ್ಪ ಅವಸರದ ಹುಡುಗಿ ಉಸ್ತಾ. ಆದರೆ ನಿಮ್ಮಂಥವರ ಕೈಗೆ ಬಂದ ಮೇಲೆ ನಾಚಿಕೊಂಡು ನಿಧಾನ ಆಗ್ತಾಳೆ ಬಿಡಿ.”

ಉಸ್ತಾ ನೊಸ್ರತ್ ಈ ಹೊಗಳಿಕೆಗೆ ಕೆಂಪಗಾಗಿ ತಲೆ ತಗ್ಗಿಸಿದ. “ನಿಮ್ಮ ಬಾಯಿಗೆ ಸಕ್ಕರೆ ಬೀಳಲಿ,” ಎಂದ.

ಭಾನುವಾರ ಅಟ್ಟಣಿಗೆ ಏರಿದ ಕಾಶಾನಿನವನು ದೊಡ್ಡ ಬಾಣಲೆಯಲ್ಲೇ ಗಚ್ಚು ಕಲಸಿದ. ಇಲ್ಲಿ ಕಮಾನು ಎಬ್ಬಿಸುವುದಕ್ಕೆ ಮರದ ಅಚ್ಚು ಇಡುವುದಿಲ್ಲ. ಪ್ರತಿ ಇಟ್ಟಿಗೆಗೂ ಬೆನ್ನಿಗೆ ಹಿಡಿ ಗಚ್ಚು ಹಚ್ಚಿ, ಹಿಂದಿನದಕ್ಕೆ ಒತ್ತಿ, ಅದು ಹಿಡಿಯುವ ತನಕ ಅಂಗೈಯಲ್ಲಿ ತಡೆದು, ಗಾಳಿಯಲ್ಲೇ ಮುಂದಕ್ಕೆ ಸಾಗುವುದು. ಹನ್ನೊಂದು ಇಟ್ಟಿಗೆ ನಿಂತವು. ಮಧ್ಯಾಹ್ನದ ಹೊತ್ತಿಗೆ ಏಳು ಬಿದ್ದವು. ಸೋಮವಾರ ಹದಿನಾಲ್ಕು ನಿಂತು ಹದಿನಾಲ್ಕೂ ಬಿದ್ದವು. ಕೆಳಗೆ ಕಂಬಕ್ಕೊರಗಿ ಕೂತ ಯದೊಲ್ಲಾ ಪ್ರತಿಯೊಂದು ಇಟ್ಟಿಗೆ ಬಿದ್ದಾಗಲೂ ತನ್ನ ಹಲ್ಲು ಬಿದ್ದಂತೆ ದವಡೆ ಹಿಡಿದುಕೊಳ್ಳುತ್ತಿದ್ದ.

“ಇವತ್ತು ಗಾಳಿ ಜಾಸ್ತಿ ಅಲ್ವಾ ಉಸ್ತಾ,” ಎಂದ ನೊಸ್ರತ್ ಕೆಳಗಿಳಿದು ಬೆವರು ಒರೆಸುತ್ತ.

“ವಿಪರೀತ ಗಾಳಿ,” ಎಂದ ಯದೊಲ್ಲಾ. ಗುಮ್ಮಟದ ಕೋಣೆಯೊಳಗೆ ಒಂದು ಎಳೆ ಹುಲ್ಲೂ ಅಲುಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಇಂಜಿನಿಯರಮ್ಮ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದಳು. ಮುಖ ಸಣ್ಣಗಾಗಿತ್ತು. “ನನಗೂ ಇಷ್ಟವಿಲ್ಲ,” ಎಂದಳು. “ಆದರೆ ಪಕ್ಕದ ಇಟ್ಟಿಗೆಗಳೂ ಸಡಿಲ ಆಗ್ತಿವೆ. ಇನ್ನು ಕಾಯೋಕಾಗಲ್ಲ. ನಾಳೆ ಇಸ್ಫಹಾನಿನಿಂದ ಕಬ್ಬಿಣದ ಚೌಕಟ್ಟು ತರಿಸ್ತೀನಿ. ಮೂಲೆಗೆ ಕಬ್ಬಿಣ ಕೊಟ್ಟು, ಸಿಮೆಂಟು ತುಂಬಿ, ಮೇಲೆ ಇಟ್ಟಿಗೆಯ ಬಿಲ್ಲೆ ಅಂಟಿಸೋದು.”

ಅಂಗಳದ ನಡುವಿನ ಕೊಳದಲ್ಲಿ ಪಾರಿವಾಳ ನೀರು ಕುಡಿಯುತ್ತಿತ್ತು. ಯದೊಲ್ಲಾನ ಕಣ್ಣಮುಂದೆ ಆ ಮಾತು ಕಮ್ಮಿ ಮನುಷ್ಯ ಬಂದ. ಒಂಬೈನೂರು ವರ್ಷದ ಹಿಂದೆ ಇದೇ ಮೂಲೆಯಲ್ಲಿ, ಬರಿಗೈಯಲ್ಲಿ, ಗಾಳಿಯ ಮೇಲೆ ಇಟ್ಟಿಗೆ ಒರಗಿಸಿದವನು. ಅವನ ಹೆಗಲ ಮೇಲೆ ಕಬ್ಬಿಣದ ಕಂಬಿ. ಯದೊಲ್ಲಾ ಎದ್ದು ನಿಂತ.

“ಇಂಜಿನಿಯರಮ್ಮಾ. ನಾನ್ಯಾರು ಮಾತಾಡೋಕೆ… ನಿಮ್ಮ ಮುಂದೆ ನಾನೊಂದು ಹುಳ… ನಿಮಗೆ ತೊಂದರೆ ಇಲ್ಲ ಅಂದ್ರೆ, ಉಸ್ತಾ ನೊಸ್ರತ್ ಅವರ ಕೈ ನೋಯದಿರಲಿ, ಅವರಿಗೂ ಬೇಸರ ಇಲ್ಲ ಅಂದ್ರೆ…”

“ಉಸ್ತಾ,” ಎಂದಳು ಪರಸ್ತೂ, “ನೀವು ಏನು ಹೇಳ್ತಿದೀರಿ ಅಂತ ನನಗೆ ಗೊತ್ತಾಗ್ತಿಲ್ಲ. ಅವತ್ತು ಕೆಲಸ ಬೇಡವೇ ಬೇಡ ಅಂದಿರಿ. ಇಲ್ಲಿ ಬರೆದುಕೊಂಡಿದೀನಿ.” ಪುಸ್ತಕ ತೆರೆದು ತೋರಿಸಿದಳು. ನಿಜ, ಬರೆದಿತ್ತು. ಅಡಿಗೆರೆ ಕೂಡ ಎಳೆದಿತ್ತು.

ಹೆಂಗಸರ ಬದಿಯಿಂದ ಯಾರೋ ಕೆಮ್ಮಿದರು. ತೂಬಾ ಖಾನುಮ್‌ಳ ಕೆಮ್ಮು ಯದೊಲ್ಲಾನಿಗೆ ಗೊತ್ತಾಗದೆ ಇರುತ್ತದೆಯೇ? ಬೆಳ್ಳಗಿದ್ದ ಹುಬ್ಬಿನ ಕೆಳಗೆ ಮುಖ ದಾಳಿಂಬೆಯಂತೆ ಕೆಂಪೇರಿತು.

“ಬೇಕು,” ಎಂದ.

“ಏನು?”

“ಕೆಲಸ. ನನಗೆ ಬೇಕು. ಆವತ್ತೂ ಬೇಕಾಗಿತ್ತು. ಮೂವತ್ತೆಂಟು ವರ್ಷದಿಂದ ಬೇಕು. ನಾನು ಮಾಡ್ತೀನಿ, ಚೆನ್ನಾಗಿ ಮಾಡ್ತೀನಿ, ನಮ್ಮೂರ ಗಚ್ಚು ನನಗೆ ಗೊತ್ತು!”

ಜನ ಬೆಚ್ಚಿಬಿದ್ದರು. ಒಬ್ಬ ಮರ್ಯಾದಸ್ಥ ಮುದುಕ ಮಸೀದಿಯ ಅಂಗಳದಲ್ಲಿ, ಹಗಲುಹೊತ್ತಿನಲ್ಲಿ, ಹೆಂಗಸರ ಎದುರಿಗೆ, ತನಗೇನು ಬೇಕೆಂದು ಹೇಳಿಬಿಟ್ಟಿದ್ದ. ಹಾಜಿ ಸೈಫೊಲ್ಲಾ ತಸ್‌ಬಿ ಮಣಿ ಎಣಿಸುವುದನ್ನು ನಿಲ್ಲಿಸಿ ಬೇರೆಲ್ಲೋ ನೋಡತೊಡಗಿದ. ಯಾರದೋ ಷರಾಯಿ ಕಳಚಿಬಿದ್ದಾಗ ನೋಡದವರಂತೆ ಇರುತ್ತೇವಲ್ಲ, ಹಾಗೆ.

ಪರಸ್ತೂ ಮಾತ್ರ ಹುಬ್ಬು ಗಂಟಿಕ್ಕಿದಳು. “ಗಚ್ಚಿಗೆ ಏನಾಗಿದೆ?”

ಯದೊಲ್ಲಾ ಹೇಳಿದ. ಅವಸರ, ದೊಡ್ಡ ಬಾಣಲೆ, ಸತ್ತ ಗಚ್ಚು, ಎಲ್ಲ.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದೆ. ಶನಿವಾರ ಊಟಕ್ಕೆ ಕೂತಾಗಲೇ ಹೇಳಿದೆ.”

ಎಲ್ಲರೂ ನೊಸ್ರತ್ ಕಡೆ ತಿರುಗಿದರು. ಅವನು ಮುಜುಗರದಿಂದ ಅಂಗಿಯ ಗುಂಡಿ ತಿರುವುತ್ತ, “ಹೌದು… ನನ್ನನ್ನ ಬಹಳ ಹೊಗಳಿದರು,” ಎಂದ. ಆಮೇಲೆ, ಯದೊಲ್ಲಾನ ಧೈರ್ಯ ಅವನಿಗೂ ಅಂಟಿತೋ ಏನೋ, ಒಂದೇ ಉಸಿರಿಗೆ ಹೇಳಿಬಿಟ್ಟ: “ಇಂಜಿನಿಯರಮ್ಮಾ, ನೀವು ಫೋನ್ ಮಾಡಿದಾಗ ನಾನೂ ಬೇಡ ಅಂದಿದ್ದೆ. ನೀವು ಸರಿ ಅಂದುಬಿಟ್ರಿ. ನನ್ನ ಮಗಳು ಫೋನ್ ಕಿತ್ಕೊಂಡು ಅಪ್ಪ ಬರ್ತಾರೆ ಅಂತ ಕೂಗಿದ್ದು. ಇಲ್ಲದಿದ್ರೆ ನಾನೂ ಮನೇಲೇ ಅಳ್ತಾ ಕೂತಿರ್ತಿದ್ದೆ.”

ಮೊದಲು ನಕ್ಕವಳು ಪರಸ್ತೂ. ಆಮೇಲೆ ಹೆಂಗಸರು, ಆಮೇಲೆ ಉಳಿದವರು. ಇಬ್ಬರು ಉಸ್ತಾಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ತಾವೂ ನಕ್ಕರು. “ಅಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಒಂದು ಸಲ ಬೇಡ ಅಂದ್ರೆ ಚಹಾನೂ ಸಿಗಲ್ಲ,” ಎಂದಳು ಪರಸ್ತೂ ಕಣ್ಣೊರೆಸಿಕೊಂಡು. “ಕಮಾನಿಗೆ ಎರಡು ಕಾಲಿವೆ. ಬಲಗಡೆಯಿಂದ ನೀವು ಬನ್ನಿ, ಎಡಗಡೆಯಿಂದ ಅವರು ಬರಲಿ. ಮೇಲೆ ಸೇರಿ. ಹತ್ತು ದಿನ ಕೊಡ್ತೀನಿ. ಬೇಕಾ, ಬೇಡವಾ?”

“ಬೇಕು,” ಎಂದರು ಇಬ್ಬರೂ. ಎರಡನೆಯ ಸಲಕ್ಕೆ ಅಷ್ಟು ಕಷ್ಟವಾಗಲಿಲ್ಲ.

ಆ ಹತ್ತು ದಿನ ಮಸೀದಿಯ ಕಳೆಯೇ ಬೇರೆ. ಅಟ್ಟಣಿಗೆಯ ಮೇಲೆ ಉಪಚಾರದ ಮಾತಿಗೆ ಜಾಗವಿರಲಿಲ್ಲ. ನಮ್ಮಲ್ಲಿ ಉಸ್ತಾ ಇಟ್ಟಿಗೆ ಕೇಳುವುದು ಹಾಡಿನಲ್ಲಿ. “ಅರ್ಧ ಕೊಡೋ ಕಣ್ಣೇ, ಮುಕ್ಕಾಲು ಕೊಡೋ ಜೀವವೇ, ಗಚ್ಚು ಕೊಡೋ, ಮೆತ್ತಗೆ ಕೊಡೋ” ಎಂದು ಯದೊಲ್ಲಾ ಬಲಗಡೆಯಿಂದ ಎಳೆದರೆ, ಎಡಗಡೆಯಿಂದ ನೊಸ್ರತ್ ಕಾಶಾನಿನ ಧಾಟಿಯಲ್ಲಿ ಎತ್ತಿಕೊಳ್ಳುತ್ತಿದ್ದ. ಗುಮ್ಮಟ ಎರಡನ್ನೂ ನುಂಗಿ ನಾಲ್ಕಾಗಿ ಉಗುಳುತ್ತಿತ್ತು. ಗಚ್ಚನ್ನು ಈಗ ಸೂಪಿನ ಬಟ್ಟಲಷ್ಟು ಚಿಕ್ಕ ಬಾಣಲೆಯಲ್ಲಿ ಕಲಸುತ್ತಿದ್ದರು. ಹಾಡಿನ ನಡುವೆಯೇ ಬೈಗುಳವೂ ಬರುತ್ತಿತ್ತು.

“ನಿಮ್ಮ ಸಾಲು ಕುಡಿದವನ ಹಾಗೆ ವಾಲ್ತಾ ಇದೆ ಕಾಶಾನಿ!”

“ನಿಮ್ಮ ಹುಬ್ಬು ಕಣ್ಣಿಗೆ ಅಡ್ಡ ಬಂದಿದೆ, ಒರೆಸ್ಕೊಳ್ಳಿ!”

ಹಳೆಯ ಇಟ್ಟಿಗೆಗಳ ಸಂದಿನಲ್ಲಿ ಯದೊಲ್ಲಾನಿಗೆ ಆ ಸಲ್ಜೂಕ್ ಕಾಲದವನ ಹೆಬ್ಬೆರಳಿನ ಗುರುತು ಸಿಕ್ಕಿತು. ಹಸಿ ಗಚ್ಚನ್ನು ಒತ್ತಿದ ಗುಳಿ. ತನ್ನ ಹೆಬ್ಬೆರಳಿಟ್ಟು ನೋಡಿದ. ಗುಳಿ ತನ್ನ ಬೆರಳಿಗಿಂತ ಚಿಕ್ಕದಿತ್ತು. “ಆಳು ನನಗಿಂತ ಮೋಟು ಕಣೇ!” ಎಂದು ಅಟ್ಟಣಿಗೆಯಿಂದಲೇ, ಊಟ ತಂದಿದ್ದ ಹೆಂಡತಿಗೆ ಕೂಗಿ ಹೇಳಿದ. ಅಂಥ ಸಂತೋಷವನ್ನು ತೂಬಾ ಖಾನುಮ್ ಅವನ ಮುಖದಲ್ಲಿ ಮೊಮ್ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ. ಹಾಗೆಂದು ಆಮೇಲೆ ಎಲ್ಲರಿಗೂ ದೂರಿದಳು.

ಹತ್ತನೆಯ ದಿನ, ಗುರುವಾರ, ಕಮಾನಿನ ನೆತ್ತಿಯಲ್ಲಿ ಒಂದೇ ಒಂದು ಇಟ್ಟಿಗೆಯಷ್ಟು ಜಾಗ ಉಳಿಯಿತು.

ಅದನ್ನು ಯದೊಲ್ಲಾನೇ ಇಡಬೇಕೆಂದು ನೊಸ್ರತ್ ಮೊದಲೇ ಹೇಳಿಯಾಗಿತ್ತು, ಯದೊಲ್ಲಾ ಒಂದೇ ಸಲಕ್ಕೆ ಹೂಂ ಎಂದೂ ಆಗಿತ್ತು. ಆದರೆ ಹಾಜಿ ಸೈಫೊಲ್ಲಾ ಬೇರೆ ಏರ್ಪಾಡು ಮಾಡಿದ್ದ. ಕಡೆಯ ಇಟ್ಟಿಗೆ ಎಂದರೆ ಸುಮ್ಮನೆಯೇ? ಇಸ್ಫಹಾನಿನಿಂದ ಫೋಟೋ ತೆಗೆಯುವವನನ್ನು ಕರೆಸಿದ್ದ. ಹೊಸ ಕೋಟು ತೊಟ್ಟು, ಎರಡು ಹಾಳೆ ಭಾಷಣ ಜೇಬಿನಲ್ಲಿಟ್ಟು, ಏದುಸಿರು ಬಿಡುತ್ತ ಅಟ್ಟಣಿಗೆ ಹತ್ತಿ ಬಂದ. ಕೆಳಗೆ ಊರು ಸೇರಿತ್ತು. ನಮ್ಮಲ್ಲಿ ದೊಡ್ಡವರು ಹೀಗೆ ಬಂದು ನಿಂತರೆ ಕೊಡಲೇಬೇಕು; ಬೇರೆ ದಾರಿಯಿಲ್ಲ. ನೊಸ್ರತ್ ನಿಟ್ಟುಸಿರಿಟ್ಟು ಯದೊಲ್ಲಾನ ಕಡೆ ನೋಡಿದ. ಯದೊಲ್ಲಾನ ಒಂದು ಕೈಯಲ್ಲಿ ಇಟ್ಟಿಗೆ, ಇನ್ನೊಂದು ಕೈಯಲ್ಲಿ ಹಿಡಿ ಗಚ್ಚು. ಮೂವತ್ತೆಂಟು ವರ್ಷದ ಮೇಲೆ ಕೈಗೆ ಬಂದ ಇಟ್ಟಿಗೆ. ಆದರೂ ಮನೆತನ ಬಿಡುವುದಿಲ್ಲವಲ್ಲ, ಇಟ್ಟಿಗೆಯನ್ನು ಹಾಜಿಯ ಮುಂದೆ ಹಿಡಿದ.

“ಹಾಜಿ ಸಾಹೇಬರೇ, ತಮ್ಮ ಕೈಯಿಂದ ಆಗಲಿ.”

ಹಾಜಿ ಎದೆಯ ಮೇಲೆ ಕೈಯಿಟ್ಟ. ಫೋಟೋದವನ ಕಡೆ ಅರ್ಧ ತಿರುಗಿ, ಕೆಳಗಿನವರಿಗೂ ಕೇಳುವಂತೆ ಹೇಳಿದ. “ಅಯ್ಯೋ ಎಲ್ಲಾದರೂ ಉಂಟೇ! ನಾನ್ಯಾರು? ನಾನು ಈ ಮಸೀದಿಯ ಬಾಗಿಲ ಧೂಳು. ಬೇಡ, ಬೇಡ, ಬೇಡ!”

“ಸರಿ, ಅರ್ಥವಾಯಿತು,” ಎಂದ ಯದೊಲ್ಲಾ.

ಬೆನ್ನಿಗೆ ಗಚ್ಚು ಹಚ್ಚಿದ, ಸಂದಿಗೆ ಒತ್ತಿದ, ಹೆಬ್ಬೆರಳಿನಿಂದ ಅದುಮಿ ಹಿಡಿದ. ಹಾಜಿಯ ಕೈ ಇನ್ನೂ ಎದೆಯ ಮೇಲೇ ಇತ್ತು. ಎರಡನೆಯ ಬೇಡಕ್ಕೆಂದು ತೆರೆದ ಬಾಯಿ ತೆರೆದೇ ಇತ್ತು. ಫೋಟೋದವನು ಅದನ್ನೇ ತೆಗೆದ.

“ಉಸ್ತಾ! ನೀವು… ಇನ್ನೊಂದು ಸಲ ಕೇಳಬೇಕಿತ್ತಲ್ರೀ!”

“ಬಲವಂತ ಮಾಡಬಾರದು ಹಾಜಿ ಸಾಹೇಬರೇ,” ಎಂದ ಯದೊಲ್ಲಾ ಬೆರಳು ತೆಗೆಯದೆ. “ಗಚ್ಚು ಬೇರೆ ಅವಸ್ರದ್ದು.”

ಕೆಳಗಿನಿಂದ ಪರಸ್ತೂ ಕೂಗಿ ಕೇಳಿದಳು, “ಅವರು ಬೇಡ ಅಂದ್ರು ತಾನೇ?”

“ಹೂಂ ಮಗಳೇ. ಮೂರು ಸಲ ಅಂದ್ರು. ಬರ್ಕೋ,” ಎಂದ ಉಸ್ತಾ ಯದೊಲ್ಲಾ. ಗಚ್ಚು ಬಿಗಿದದ್ದು ಹೆಬ್ಬೆರಳಿಗೆ ತಿಳಿಯಿತು. ಮೆಲ್ಲಗೆ ಕೈ ತೆಗೆದ. ಇಟ್ಟಿಗೆ ಅಲ್ಲೇ ನಿಂತಿತು.